ಕೀಲಿಮಣೆ ಕೈ ಬದಲಾದಾಗ: ನ್ಯೂಯಾರ್ಕ್ ಪತ್ರಿಕೆಗಳ ಕಂಪೋಸಿಂಗ್ ಕೋಣೆಯ ಪ್ರಕರಣ

ಕಂಪ್ಯೂಟರ್ ಬಂತು, ಕೆಲಸ ಹೋಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಆ ಕೆಲಸದೊಳಗಿನ ಯಾವ ತುಂಡು ಮೊದಲು ಹೋಯಿತು? ಅದು ಯಾರ ಕೈ ಸೇರಿತು? ನಡುವೆ ಇದ್ದ ಜನ ಏನಾದರು? ಇಷ್ಟನ್ನು ಬಿಡಿಸಿ ನೋಡುವ ಅವಕಾಶ ಸಿಗುವುದು ಅಪರೂಪ. ಯಾಕೆಂದರೆ ಇಂಥ ಬದಲಾವಣೆ ಸಾಮಾನ್ಯವಾಗಿ ಸಾವಿರಾರು ಕಚೇರಿಗಳಲ್ಲಿ ಚೂರುಚೂರಾಗಿ ನಡೆಯುತ್ತದೆ. ಯಾರೂ ಲೆಕ್ಕ ಇಡುವುದಿಲ್ಲ.

ನ್ಯೂಯಾರ್ಕ್‌ನ ದಿನಪತ್ರಿಕೆಗಳಲ್ಲಿ ಹಾಗಾಗಲಿಲ್ಲ. ಅಲ್ಲಿ ಒಂದು ಕಸುಬು, ಕಂಪೋಸಿಂಗ್ ಕೋಣೆಯಲ್ಲಿ ಅಚ್ಚಿಗೆ ಅಕ್ಷರ ಜೋಡಿಸುವ ಕಂಪೋಸಿಟರುಗಳ ಕಸುಬು, ಕಂಪ್ಯೂಟರಿನ ಎದುರು ನಿಂತಿತು, 1962ರಲ್ಲಿ ಜಗಳವಾಡಿತು, 1974ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು, 1978ರಲ್ಲಿ ತನ್ನ ಯಂತ್ರಗಳನ್ನು ನಿಲ್ಲಿಸಿತು. ಎಲ್ಲವೂ ಕಣ್ಣೆದುರೇ ನಡೆಯಿತು, ಬಹುಪಾಲು ಬರವಣಿಗೆಯಲ್ಲೂ ಉಳಿಯಿತು. ಕೆಲಸ ಮತ್ತು ತಂತ್ರಜ್ಞಾನದ ಬಗ್ಗೆ ಇವತ್ತು ನಡೆಯುವ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಯಂತ್ರದ ಮುಂದೆ ಕೂತವನ ಕೆಲಸ

ಲೈನೋಟೈಪ್ ಯಂತ್ರವನ್ನು ರೂಪಿಸಿದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಟ್‌ಮಾರ್ ಮೆರ್ಗೆನ್ಥಾಲರ್. 1886ರ ಜುಲೈನಲ್ಲಿ ಅದು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಮೊದಲು ಕೆಲಸಕ್ಕೆ ನಿಂತಿತು. ಅಲ್ಲಿಯವರೆಗೆ ಅಕ್ಷರದ ಒಂದೊಂದೇ ಲೋಹದ ಮೊಳೆಯನ್ನು ಕೈಯಿಂದ ಆರಿಸಿ ಜೋಡಿಸಬೇಕಿತ್ತು. ಈ ಯಂತ್ರದಲ್ಲಿ ಕೀಲಿ ಒತ್ತಿದರೆ ಆ ಅಕ್ಷರದ ಹಿತ್ತಾಳೆ ಅಚ್ಚು ಮೇಲಿನಿಂದ ಜಾರಿ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಸಾಲು ತುಂಬಿದ ಮೇಲೆ ಹಿಡಿ ಎಳೆದರೆ ಯಂತ್ರ ಆ ಅಚ್ಚುಗಳ ಮೇಲೆ ಕರಗಿದ ಲೋಹ ಸುರಿದು, ಇಡೀ ಸಾಲನ್ನು ಒಂದೇ ಗಟ್ಟಿಯಾಗಿ ಎರಕ ಹೊಯ್ದು ಕೊಡುತ್ತದೆ. ಲೋಹ ಎಂದರೆ ಸೀಸ, ತವರ, ಆಂಟಿಮನಿ ಬೆರೆಸಿದ ಮಿಶ್ರಣ. ಸುಮಾರು 280 ಡಿಗ್ರಿ ಸೆಲ್ಸಿಯಸ್ ಬಿಸಿ. ಕೆಲಸ ಮುಗಿಸಿದ ಅಚ್ಚುಗಳು ತಾವಾಗಿಯೇ ಮೇಲಕ್ಕೆ ಹೋಗಿ, ತಮ್ಮ ತಮ್ಮ ಖಾನೆಗೆ ಬೀಳುತ್ತವೆ.

ಕೀಲಿಮಣೆಯಲ್ಲಿ 90 ಕೀಲಿ. ನಮ್ಮ ಕಂಪ್ಯೂಟರಿನ ಕೀಲಿಮಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಸಣ್ಣಕ್ಷರಗಳು ಒಂದು ಕಡೆ, ದೊಡ್ಡಕ್ಷರಗಳು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಯಾವ ಅಕ್ಷರ ಜಾಸ್ತಿ ಬರುತ್ತದೋ ಅದು ಎಡತುದಿಯಲ್ಲಿ.

ಹೊರಗಿನಿಂದ ನೋಡಿದವರಿಗೆ ಇದು ಟೈಪ್ ಮಾಡುವ ಕೆಲಸ. ಒಳಗೆ ಕೂತವನಿಗೆ ಹಾಗಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಅವನು ಒಂದು ತೀರ್ಮಾನ ತೆಗೆದುಕೊಳ್ಳಬೇಕು. ಅಂಕಣದ ಅಗಲ ಇಷ್ಟೇ. ಇನ್ನೊಂದು ಪದ ಹಿಡಿಸುತ್ತದೋ ಇಲ್ಲವೋ? ಹಿಡಿಸದಿದ್ದರೆ ಪದವನ್ನು ಎಲ್ಲಿ ಮುರಿಯಬೇಕು? ಮುರಿದ ಜಾಗ ಓದುವವನ ಕಣ್ಣಿಗೆ ಸರಿ ಅನಿಸುತ್ತದೋ? ಸಾಲು ಸಡಿಲವಾಗಿದ್ದರೆ ಸಂದಿಯಿಂದ ಕಾದ ಲೋಹ ಚಿಮ್ಮಿ ಮೈಮೇಲೆ ಬೀಳುವ ಅಪಾಯ ಬೇರೆ. ಒಂದು ಅಕ್ಷರ ತಪ್ಪಾದರೆ ಅದೊಂದನ್ನೇ ತಿದ್ದಲು ಬರುವುದಿಲ್ಲ. ಇಡೀ ಸಾಲನ್ನೇ ಮತ್ತೆ ಎರಕ ಹೊಯ್ಯಬೇಕು. ಹೀಗೆ ನಿಮಿಷಕ್ಕೆ ಹೆಚ್ಚುಕಡಿಮೆ 14 ಸಾಲು.

ಎರಕದ ಸಾಲುಗಳನ್ನು ಪುಟದ ಚೌಕಟ್ಟಿಗೆ ಜೋಡಿಸುವವರು ಬೇರೆ. ಅವರು ಅಕ್ಷರಗಳನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಓದುತ್ತಿದ್ದರು. ಅದೂ ಸರಾಗವಾಗಿ. ಸಂಪಾದಕ ಪಕ್ಕದಲ್ಲಿ ನಿಂತು ‘ಈ ಪ್ಯಾರಾ ತೆಗೆಯಿರಿ’ ಎನ್ನಬಹುದಿತ್ತು, ಆದರೆ ಲೋಹವನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕೆಲಸ ನಿಲ್ಲುತ್ತಿತ್ತು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಮೆರಿಕದಲ್ಲಿ ಕಿವಿ ಕೇಳದವರ ಎಷ್ಟೋ ಶಾಲೆಗಳು ಅಚ್ಚಿನ ಕೆಲಸ ಕಲಿಸುತ್ತಿದ್ದವು. ದೊಡ್ಡ ಪತ್ರಿಕೆಗಳ ಕಂಪೋಸಿಂಗ್ ಕೋಣೆಗಳಲ್ಲಿ ಅಂಥವರು ಬಹಳ ಮಂದಿ ಇದ್ದರು. ಯಂತ್ರಗಳ ಗದ್ದಲದಲ್ಲಿ ಬೇರೆಯವರಿಗೆ ಪಕ್ಕದವನ ಮಾತು ಕೇಳದಿದ್ದಾಗ ಇವರು ಕೈಸನ್ನೆಯಲ್ಲಿ ಆರಾಮಾಗಿ ಮಾತಾಡಿಕೊಳ್ಳುತ್ತಿದ್ದರು. ಸಮ ಸಂಬಳ, ಸಂಘದ ಸದಸ್ಯತ್ವ, ಮರ್ಯಾದೆ ಎಲ್ಲ ಇತ್ತು. ಒಂದು ಕಸುಬು ಹೋದಾಗ ಅದರ ಆಸರೆಯಲ್ಲಿ ಬದುಕು ಕಟ್ಟಿಕೊಂಡಿದ್ದ ಇಂಥ ಗುಂಪುಗಳಿಗೆ ಏನಾಗುತ್ತದೆ ಎಂಬುದು ಯಾವ ಖರ್ಚಿನ ಲೆಕ್ಕದಲ್ಲೂ ಬರುವುದಿಲ್ಲ.

ಸಂಘದ ಹಳೆಯ ಅನುಭವ

ಈ ಕೆಲಸಗಾರರ ಸಂಘ ಅಮೆರಿಕದ ಅತಿ ಹಳೆಯ ಸಂಘಗಳಲ್ಲಿ ಒಂದು. 1852ರಲ್ಲಿ ಶುರುವಾದದ್ದು, ಮುಂದೆ ‘ಇಂಟರ್‌ನ್ಯಾಷನಲ್ ಟೈಪೋಗ್ರಾಫಿಕಲ್ ಯೂನಿಯನ್’ ಎಂದು ಹೆಸರಾಯಿತು. ನ್ಯೂಯಾರ್ಕ್ ಘಟಕದ ಸಂಖ್ಯೆ 6. ಜನ ‘ಬಿಗ್ ಸಿಕ್ಸ್’ ಎನ್ನುತ್ತಿದ್ದರು. ಆರು ವರ್ಷ ಕೆಲಸ ಕಲಿತ ಮೇಲೆಯೇ ಪೂರ್ಣ ಸದಸ್ಯತ್ವ.

ಲೈನೋಟೈಪ್ ಬಂದಾಗಲೂ ಈ ಸಂಘ ಹೆದರಿತ್ತು. ಕೈಯಿಂದ ಮೊಳೆ ಜೋಡಿಸುವವರ ಅನ್ನ ಹೋಗುತ್ತದೆ ಎಂಬ ಭಯ ಸಹಜವೇ. ಆದರೆ ಸಂಘ ಯಂತ್ರವನ್ನು ತಡೆಯಲು ಹೋಗಲಿಲ್ಲ. ಯಂತ್ರ ಬರಲಿ, ಅದರ ಮುಂದೆ ಕೂರುವವರು ನಮ್ಮವರೇ ಆಗಿರಬೇಕು ಎಂದು ಪಟ್ಟು ಹಿಡಿಯಿತು. ಗೆದ್ದಿತು ಕೂಡ. ಅಕ್ಷರ ಜೋಡಿಸುವ ಖರ್ಚು ಇಳಿದಂತೆ ಪತ್ರಿಕೆಗಳ ಪುಟಗಳು ಹೆಚ್ಚಿದವು, ಓದುಗರೂ ಹೆಚ್ಚಿದರು, ಕೆಲಸವೂ ಹೆಚ್ಚಿತು.

ಈ ಅನುಭವವೇ ಮುಂದೆ ಅವರ ಲೆಕ್ಕ ತಪ್ಪಿಸಿತು ಎಂದು ನನಗೆ ಅನಿಸುತ್ತದೆ. ಯಂತ್ರ ಬಂದರೆ ಅದರ ಮೇಲೆ ಕೂರೋಣ ಎಂಬ ಸೂತ್ರ 1886ರಲ್ಲಿ ಫಲ ಕೊಟ್ಟಿತ್ತು. ಆಗ ಯಂತ್ರಕ್ಕೆ ಒಬ್ಬ ನುರಿತ ಕೆಲಸಗಾರ ಬೇಕೇ ಬೇಕಿತ್ತು. ಮುಂದಿನ ಯಂತ್ರಕ್ಕೂ ಹಾಗೇ ಬೇಕಾಗುತ್ತದೆ ಎಂಬುದಕ್ಕೆ ಯಾವ ಖಾತ್ರಿಯೂ ಇರಲಿಲ್ಲ.

ಸಂಘದ ಕೈ ಎಷ್ಟು ಗಟ್ಟಿಯಾಗಿತ್ತು ಎನ್ನುವುದಕ್ಕೆ ಒಂದು ಪದ್ಧತಿ ಸಾಕ್ಷಿ. ಜಾಹೀರಾತುಗಳು ಹೊರಗಡೆಯಿಂದ ಅಚ್ಚಿಗೆ ಸಿದ್ಧವಾಗಿಯೇ ಬರುತ್ತಿದ್ದವು. ಪತ್ರಿಕೆ ಅದನ್ನು ನೇರವಾಗಿ ಬಳಸುತ್ತಿತ್ತು. ಆದರೆ ನಿಯಮದ ಪ್ರಕಾರ ಅದೇ ಜಾಹೀರಾತನ್ನು ಕಂಪೋಸಿಂಗ್ ಕೋಣೆಯಲ್ಲಿ ಆಮೇಲೆ ಮತ್ತೊಮ್ಮೆ ಜೋಡಿಸಿ, ಕರಡು ತೆಗೆದು, ತಿದ್ದಿ, ಕೊನೆಗೆ ಕರಗಿಸುವ ಪಾತ್ರೆಗೆ ಹಾಕುತ್ತಿದ್ದರು. ಇದಕ್ಕೆ ‘ಬೋಗಸ್’ ಎಂದೇ ಹೆಸರು. ಕೇಳಿದರೆ ದಂಡದ ಕೆಲಸ ಅನಿಸುತ್ತದೆ, ಅಲ್ವಾ? ಆದರೆ ಕೆಲಸಗಾರರ ಪಾಲಿಗೆ ಅದು ವಿಮೆ. ಹೊರಗಡೆ ಅಗ್ಗದಲ್ಲಿ ಮಾಡಿಸಿ ನಮ್ಮನ್ನು ಖಾಲಿ ಮಾಡುವ ಆಸೆ ಯಾರಿಗೂ ಬರದಿರಲಿ ಎಂಬ ಲೆಕ್ಕ.

ಮೊದಲು ಹೋದದ್ದು ಆ ಪುಟ್ಟ ತೀರ್ಮಾನ

ಕಂಪ್ಯೂಟರ್ ಬಂದ ಕೂಡಲೇ ಲೈನೋಟೈಪ್ ಮಾಯವಾಗಲಿಲ್ಲ. ಅದಕ್ಕೂ ಮುಂಚೆ ಟೇಪ್ ಬಂತು. ಒಂದು ಕಡೆ ಕೂತು ಕಾಗದದ ಪಟ್ಟಿಗೆ ತೂತು ಹೊಡೆಯುವುದು, ಆ ಪಟ್ಟಿಯನ್ನು ಲೈನೋಟೈಪಿಗೆ ತುರುಕಿದರೆ ಯಂತ್ರ ತಾನೇ ಓಡುವುದು. ಸುದ್ದಿಸಂಸ್ಥೆಗಳು ತಂತಿಯ ಮೂಲಕವೇ ಇಂಥ ಟೇಪ್ ಕಳಿಸತೊಡಗಿದವು. ಷೇರುಪೇಟೆಯ ಉದ್ದುದ್ದ ಕೋಷ್ಟಕಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಟೇಪಿಗೆ ತೂತು ಹೊಡೆಯುವವನೂ ಸಾಲಿನ ಕೊನೆಯ ತೀರ್ಮಾನ ತೆಗೆದುಕೊಳ್ಳಲೇಬೇಕಿತ್ತು. 1960ರ ದಶಕದ ಆರಂಭದಲ್ಲಿ ಆ ತೀರ್ಮಾನ ಕಂಪ್ಯೂಟರಿಗೆ ಹೋಯಿತು. 1962ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಆರ್‌ಸಿಎ ಕಂಪನಿಯ ಕಂಪ್ಯೂಟರನ್ನು ಈ ಕೆಲಸಕ್ಕೆ ಹಚ್ಚಿತು. ಟೈಪ್ ಮಾಡುವವನು ಸುಮ್ನೆ ಒಂದೇ ಸಮನೆ ಟೈಪ್ ಮಾಡಿಕೊಂಡು ಹೋದರೆ ಸಾಕು. ಸಾಲು ಎಲ್ಲಿ ಮುಗಿಯಬೇಕು, ಪದ ಎಲ್ಲಿ ಮುರಿಯಬೇಕು ಎನ್ನುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಸಾಲಿನ ಗೊಡವೆಯಿಲ್ಲದೆ ಹೊಡೆದ ಈ ಪಟ್ಟಿಗೆ ಆ ರಂಗದವರು ‘ಈಡಿಯಟ್ ಟೇಪ್’ ಎಂದು ಹೆಸರಿಟ್ಟಿದ್ದರು.

ಈ ಪ್ರಕರಣದ ಅತಿ ಮುಖ್ಯ ಕ್ಷಣ ಇದೇ ಎಂದು ನನ್ನ ಅಭಿಪ್ರಾಯ. 1978ರಲ್ಲಿ ಯಂತ್ರಗಳು ನಿಂತ ಆ ಕೊನೆಯ ರಾತ್ರಿಗೆ ಸಿಕ್ಕಷ್ಟು ಗಮನ ಇದಕ್ಕೆ ಸಿಗಲಿಲ್ಲ. ಯಾಕೆಂದರೆ ಯಾರ ಕೆಲಸವೂ ಆ ದಿನ ಹೋಗಲಿಲ್ಲ. ಯಂತ್ರಗಳು ಅಲ್ಲೇ ಇದ್ದವು, ಜನ ಅಲ್ಲೇ ಇದ್ದರು, ಸಂಬಳ ಅಷ್ಟೇ ಇತ್ತು. ಆದರೆ ಆರು ವರ್ಷ ಕಲಿತು ಗಳಿಸಿದ ಕಸುಬಿನಿಂದ ತೀರ್ಮಾನದ ಭಾಗವನ್ನು ತೆಗೆದು, ಬೆರಳಿನ ಭಾಗವನ್ನು ಮಾತ್ರ ಉಳಿಸಲಾಗಿತ್ತು. ತೀರ್ಮಾನ ಇಲ್ಲದ ಬೆರಳನ್ನು ಯಾರ ಕೈಗೆ ಬೇಕಾದರೂ ವರ್ಗಾಯಿಸಬಹುದು.

ನ್ಯೂಯಾರ್ಕಿನಲ್ಲಿ ಇದೇ ಹೊತ್ತಿಗೆ ಸಂಘ ಮತ್ತು ಮಾಲೀಕರ ನಡುವೆ ಕದನ ಶುರುವಾಯಿತು. 1961ರಲ್ಲಿ ಬರ್ಟ್ರಮ್ ಪವರ್ಸ್ ಬಿಗ್ ಸಿಕ್ಸ್‌ನ ಅಧ್ಯಕ್ಷರಾಗಿದ್ದರು. 1962ರ ಡಿಸೆಂಬರ್ 8ರಂದು ನಾಲ್ಕು ಪತ್ರಿಕೆಗಳಲ್ಲಿ ಮುಷ್ಕರ ಹೂಡಿದರು. ಉಳಿದ ಮಾಲೀಕರು ಆ ನಾಲ್ಕು ಪತ್ರಿಕೆಗಳ ಮಾಲೀಕರ ಬೆಂಬಲಕ್ಕೆ ತಮ್ಮ ಪತ್ರಿಕೆಗಳನ್ನೂ ನಿಲ್ಲಿಸಿದರು. ಸಂಬಳದ ಜೊತೆಗೆ ಟೇಪಿನ ಪ್ರಶ್ನೆಯೂ ಮೇಜಿನ ಮೇಲಿತ್ತು. ನಗರದ ಬಹುತೇಕ ದಿನಪತ್ರಿಕೆಗಳು 114 ದಿನ ಹೊರಬರಲಿಲ್ಲ. 1963ರ ಮಾರ್ಚ್ 31ಕ್ಕೆ ಮುಷ್ಕರ ಮುಗಿಯಿತು. ಕೆಲಸದ ವಾರ 35 ಗಂಟೆಗೆ ಇಳಿಯಿತು. ಟೇಪ್ ಬಳಕೆಗೆ ಬಿಗಿಯಾದ ಮಿತಿ ಬಿತ್ತು.

ಕಾಗದದ ಮೇಲೆ ಸಂಘ ಗೆದ್ದಿತ್ತು. ಹೊರಗೆ ನಡೆದದ್ದೇ ಬೇರೆ. ಆ ವರ್ಷದ ಅಕ್ಟೋಬರಿನಲ್ಲಿ ‘ಮಿರರ್’ ಮುಚ್ಚಿತು. 1966ರಲ್ಲಿ ಮೂರು ಪತ್ರಿಕೆಗಳು ಬೆರೆತು ಒಂದಾದವು, ಆ ಒಂದೂ 1967ರ ಮೇನಲ್ಲಿ ನಿಂತುಹೋಯಿತು. ನಗರದ ಏಳು ದೊಡ್ಡ ಪತ್ರಿಕೆಗಳಲ್ಲಿ ಉಳಿದದ್ದು ಮೂರು: ‘ಟೈಮ್ಸ್’, ‘ಡೈಲಿ ನ್ಯೂಸ್’, ‘ಪೋಸ್ಟ್’. ಇದಕ್ಕೆಲ್ಲ ಮುಷ್ಕರವೇ ಕಾರಣ ಎನ್ನುವುದು ಅನ್ಯಾಯ. ಟಿವಿ ಜಾಹೀರಾತನ್ನು ಎಳೆದುಕೊಳ್ಳುತ್ತಿತ್ತು, ಓದುಗರು ಉಪನಗರಗಳಿಗೆ ಹೋಗುತ್ತಿದ್ದರು, ಕೆಲವು ಪತ್ರಿಕೆಗಳು ಮೊದಲೇ ಸೊರಗಿದ್ದವು. ಆದರೆ ಟೇಪನ್ನು ತಡೆದರೆ ಕೆಲಸ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ಅಲ್ಲಿಗೆ ಮುರಿಯಿತು. ಕೆಲಸ ಕೊಡುವ ಪತ್ರಿಕೆಯೇ ಉಳಿಯದಿದ್ದರೆ ಒಪ್ಪಂದದ ಕಾಗದ ಇಟ್ಟುಕೊಂಡು ಏನು ಮಾಡುವುದು?

1974ರ ವ್ಯಾಪಾರ

ಹನ್ನೊಂದು ವರ್ಷಗಳ ಹಿಂದೆ ನಗರವನ್ನೇ ನಿಲ್ಲಿಸಿದ್ದ ಅದೇ ಪವರ್ಸ್ 1974ರಲ್ಲಿ ಬೇರೆ ದಾರಿ ಹಿಡಿದರು. ಆ ಹೊತ್ತಿಗೆ ಅಮೆರಿಕದ ಬೇರೆ ಊರುಗಳ ಪತ್ರಿಕೆಗಳು ಮುಷ್ಕರದ ನಡುವೆಯೇ, ಮ್ಯಾನೇಜರುಗಳ ಕೈಯಿಂದ ಹೊಸ ಯಂತ್ರ ನಡೆಸಿ, ಪತ್ರಿಕೆ ಹೊರತಂದು ತೋರಿಸಿದ್ದವು. ಮುಷ್ಕರ ಹೂಡಿದರೂ ನಾಳೆಯ ಪತ್ರಿಕೆ ಬರುತ್ತದೆ ಎಂದಾದ ಮೇಲೆ ಮುಷ್ಕರಕ್ಕೆ ಬೆಲೆಯೇ ಇಲ್ಲ. ನ್ಯೂಯಾರ್ಕಿನಲ್ಲಿ ಆ ಸ್ಥಿತಿ ಪೂರ್ತಿಯಾಗಿ ಬರುವ ಮುಂಚೆ ಮಾತುಕತೆ ಮುಗಿಸಬೇಕು ಎಂಬುದು ಅವರ ಲೆಕ್ಕ.

ಒಪ್ಪಂದ 1984ರ ವರೆಗಿನದು. ‘ಟೈಮ್ಸ್’ ಮತ್ತು ‘ಡೈಲಿ ನ್ಯೂಸ್’ ಪತ್ರಿಕೆಗಳಿಗೆ ತಮಗೆ ಬೇಕಾದ ಹಾಗೆ ಯಾಂತ್ರೀಕರಣ ಮಾಡಿಕೊಳ್ಳುವ ಹಕ್ಕು. ಬದಲಿಗೆ ಪಟ್ಟಿಯಲ್ಲಿದ್ದ ಸುಮಾರು 1,800 ಮಂದಿ ಕೆಲಸಗಾರರಿಗೆ ಜೀವಮಾನದ ಕೆಲಸದ ಖಾತ್ರಿ. ಯಾರನ್ನೂ ತೆಗೆಯುವಂತಿಲ್ಲ. ಸಂಖ್ಯೆ ಇಳಿಯುವುದು ನಿವೃತ್ತಿ, ಸಾವು, ತಾವಾಗಿ ಬಿಟ್ಟು ಹೋಗುವುದು, ಈ ದಾರಿಗಳಿಂದ ಮಾತ್ರ. ಬೇಗ ನಿವೃತ್ತರಾಗುವವರಿಗೆ ಹಣದ ಪ್ರೋತ್ಸಾಹ.

ನನ್ನ ಮಟ್ಟಿಗೆ ಇದು ಆ ಕಾಲದ ಅತ್ಯಂತ ಮಾನವೀಯ ಕೈಗಾರಿಕಾ ಒಪ್ಪಂದಗಳಲ್ಲಿ ಒಂದು. ಐವತ್ತು ದಾಟಿದ ಮನುಷ್ಯನಿಗೆ, ಬೇರೆ ಕಸುಬು ಗೊತ್ತಿಲ್ಲದವನಿಗೆ, ಮನೆಸಾಲ ಇರುವವನಿಗೆ, ನಿನ್ನನ್ನು ಬೀದಿಗೆ ಬಿಡುವುದಿಲ್ಲ ಎಂಬ ಲಿಖಿತ ಮಾತು ಸಿಕ್ಕಿತು. ಮಾಲೀಕರಿಗೂ ಲಾಭವೇ. ಜಗಳವಿಲ್ಲದೆ ಯಂತ್ರ ಬದಲಾಯಿತು, ಉಳಿತಾಯ ನಿಧಾನವಾಗಿಯಾದರೂ ಖಚಿತವಾಗಿ ಬಂತು.

ಆದರೆ ಒಪ್ಪಂದ ಉಳಿಸಿದ್ದು ಜನರನ್ನು. ಕಸುಬನ್ನಲ್ಲ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಖಾತ್ರಿ, ಅವನ ನಂತರ ಆ ಕುರ್ಚಿಗೆ ಯಾರೂ ಇಲ್ಲ. ಹೊಸಬರ ಮಟ್ಟಿಗೆ ಬಾಗಿಲು ಮುಚ್ಚಿತು. ಸಂಘಕ್ಕೆ ಹೊಸ ರಕ್ತ ಬರಲಿಲ್ಲ. 134 ವರ್ಷ ಸ್ವತಂತ್ರವಾಗಿದ್ದ ಆ ಸಂಘ 1986ರ ಕೊನೆಗೆ ದೂರಸಂಪರ್ಕ ಕೆಲಸಗಾರರ ಸಂಘದಲ್ಲಿ ಲೀನವಾಯಿತು. ಒಪ್ಪಂದದ ಮೇಜಿನ ಸುತ್ತ ಕೂತಿದ್ದವರೆಲ್ಲ ಇವತ್ತಿನ ಕೆಲಸಗಾರರ ಪರವಾಗಿ ಮಾತಾಡಿದರು. ಆಗ ಶಾಲೆಯಲ್ಲಿದ್ದ ಹುಡುಗರ ಪರವಾಗಿ ಅಲ್ಲಿ ಯಾರೂ ಇರಲಿಲ್ಲ.

ಹೊಸ ಮೇಜು, ಹೊಸ ಕೆಲಸ, ಮತ್ತೆ ಅದೇ ಕಥೆ

‘ನ್ಯೂಯಾರ್ಕ್ ಟೈಮ್ಸ್’ ಲೋಹದಲ್ಲಿ ಜೋಡಿಸಿದ ಕೊನೆಯ ಸಂಚಿಕೆ 1978ರ ಜುಲೈ 2ರ ಭಾನುವಾರದ್ದು. ಹೊಸ ವ್ಯವಸ್ಥೆ ನಿಮಿಷಕ್ಕೆ ಸಾವಿರ ಸಾಲು ಹೊರಹಾಕುತ್ತಿತ್ತು. ಲೋಹ ಇಲ್ಲ, ಬಿಸಿ ಇಲ್ಲ, ಗದ್ದಲ ಇಲ್ಲ. ಫೋಟೋ ಕಾಗದದ ಮೇಲೆ ಅಕ್ಷರಗಳು ಮೂಡಿ ಬರುತ್ತಿದ್ದವು.

ಹಳೆಯ ಕೆಲಸಗಾರರಿಗೆ ಮರುತರಬೇತಿ ಕೊಟ್ಟರು. ಕೆಲವರು ಹೊಸ ಕೀಲಿಮಣೆಗೆ ಹೋದರು. ದಶಕಗಳ ಕಾಲ ಒಂದು ಜೋಡಣೆಗೆ ಪಳಗಿದ ಬೆರಳುಗಳಿಗೆ ಟೈಪ್‌ರೈಟರಿನ ಜೋಡಣೆ. ಅಂದರೆ ನಿನ್ನೆಯವರೆಗೆ ಕೋಣೆಯಲ್ಲೇ ವೇಗದ ಕೈ ಎನಿಸಿಕೊಂಡವನು ಇವತ್ತು ಟೈಪಿಂಗ್ ಶಾಲೆಗೆ ಹೋದ ಹುಡುಗಿಗಿಂತ ನಿಧಾನ. ಕಸುಬಿನ ಹೆಮ್ಮೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಾರದು. ಸಂಬಳ ಕಡಿಮೆ ಆಗಲಿಲ್ಲ. ಆದರೆ ತನಗೆ ಮಾತ್ರ ಗೊತ್ತಿದ್ದ ವಿದ್ಯೆ ಎಲ್ಲರಿಗೂ ಗೊತ್ತಿರುವ ವಿದ್ಯೆ ಆಗಿತ್ತು.

ಇನ್ನು ಕೆಲವರಿಗೆ ಸಿಕ್ಕಿದ್ದು ಪೇಸ್ಟ್‌ಅಪ್ ಕೆಲಸ. ಉದ್ದದ ಫೋಟೋ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ, ಹಿಂಬದಿಗೆ ಮೇಣ ಸವರಿ, ಪುಟದ ಅಳತೆಯ ಹಲಗೆಯ ಮೇಲೆ ನೇರವಾಗಿ ಅಂಟಿಸುವುದು. ಒಂದು ಪದ ಬದಲಿಸಬೇಕಾದರೆ ಆ ಪದದಷ್ಟೇ ಕಾಗದವನ್ನು ಕತ್ತರಿಸಿ ತೆಗೆದು ಇನ್ನೊಂದನ್ನು ಕೂರಿಸುವುದು. ಕೈ ನಡುಗಬಾರದು, ಕಣ್ಣು ಚುರುಕಿರಬೇಕು. ಇದರಲ್ಲೂ ಅವರು ನಿಪುಣರಾದರು. ನೋಡಿದವರಿಗೆ ಇದೇ ಮುಂದಿನ ಕಸುಬು ಅನಿಸಿದ್ದರೆ ಆಶ್ಚರ್ಯವಿಲ್ಲ.

ಅದು ಕಸುಬಾಗಿರಲಿಲ್ಲ. ಕಂಪ್ಯೂಟರಿಗೆ ಆಗ ಸಾಲು ಜೋಡಿಸಲು ಬರುತ್ತಿತ್ತು, ಪುಟ ಕಟ್ಟಲು ಬರುತ್ತಿರಲಿಲ್ಲ. ಆ ಸಂದಿಯನ್ನು ಮನುಷ್ಯರ ಕೈಯಿಂದ ಮುಚ್ಚಿದ್ದರು, ಅಷ್ಟೇ. 1980 ಮತ್ತು 90ರ ದಶಕಗಳಲ್ಲಿ ಇಡೀ ಪುಟವನ್ನೇ ಪರದೆಯ ಮೇಲೆ ಕಟ್ಟುವ ತಂತ್ರಾಂಶ ಪತ್ರಿಕೆಗಳಿಗೆ ಬಂದಾಗ ಆ ಸಂದಿ ಮುಚ್ಚಿಕೊಂಡಿತು. ಬ್ಲೇಡು, ಮೇಣ, ಹಲಗೆ ಎಲ್ಲ ಹೋದವು. ಮರುತರಬೇತಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಮೇಣದ ಹಲಗೆ ನೆನಪಾಗುತ್ತದೆ. ಯಂತ್ರಕ್ಕೆ ಇವತ್ತು ಬಾರದ ಕೆಲಸಕ್ಕೆ ಜನರನ್ನು ತಯಾರು ಮಾಡುವುದು ತಪ್ಪಲ್ಲ. ಆದರೆ ಅದು ನಿಲ್ಲುವ ಕೆಲಸವೋ, ಬರೀ ಸೇತುವೆಯೋ ಎಂದು ಅವರಿಗೆ ಮೊದಲೇ ಹೇಳಬೇಕು. ಮೂವತ್ತರ ಹರೆಯದವನಿಗೂ ಅರವತ್ತರ ಅಂಚಿನವನಿಗೂ ಸೇತುವೆಯ ಅರ್ಥ ಒಂದೇ ಅಲ್ಲ.

ಈಗ ಲೋಹ ಮುಟ್ಟಬಾರದು ಎಂಬ ಆ ನಿಯಮಕ್ಕೆ ಬರೋಣ. ಹಳೆಯ ಪದ್ಧತಿಯಲ್ಲಿ ಒಂದು ಸುದ್ದಿಯನ್ನು ಎರಡು ಸಲ ಟೈಪ್ ಮಾಡುತ್ತಿದ್ದರು. ವರದಿಗಾರ ಕಾಗದದ ಮೇಲೆ, ಲೈನೋಟೈಪಿನವನು ಲೋಹದಲ್ಲಿ. ಸುದ್ದಿಮನೆಯ ಮೇಜುಗಳಿಗೆ ಕಂಪ್ಯೂಟರ್ ಪರದೆ ಬಂದ ಮೇಲೆ ವರದಿಗಾರ ಒತ್ತಿದ ಕೀಲಿಯೇ ನೇರ ಅಚ್ಚಿಗೆ ಹೋಯಿತು. ಎರಡನೆಯ ಟೈಪಿಂಗ್ ಎಂಬುದೇ ಇಲ್ಲವಾಯಿತು. ಅಂದರೆ ಕಂಪೋಸಿಟರನ ಬೆರಳಿನ ಕೆಲಸವನ್ನು ಕಂಪ್ಯೂಟರ್ ಮಾಡಲಿಲ್ಲ. ವರದಿಗಾರನೇ ಮಾಡಿದ. ತಾನು ಇನ್ನೊಬ್ಬರ ಕೆಲಸವನ್ನೂ ಮಾಡುತ್ತಿದ್ದೇನೆ ಎಂಬುದು ಅವನ ಗಮನಕ್ಕೂ ಬಂದಿರಲಿಕ್ಕಿಲ್ಲ. ಆಮೇಲೆ ಪುಟ ಕಟ್ಟುವ ಕೆಲಸ ಉಪಸಂಪಾದಕರ ಮೇಜಿಗೆ ಬಂತು. ಎಷ್ಟೋ ಪತ್ರಿಕೆಗಳಲ್ಲಿ ಕರಡು ತಿದ್ದುವವರ ವಿಭಾಗವೂ ಮುಚ್ಚಿ, ಆ ಹೊಣೆಯೂ ಅವರ ಮೇಲೆಯೇ ಬಿತ್ತು.

ಮಾಹಿತಿ ತಂತ್ರಜ್ಞಾನ ಕೆಲಸವನ್ನು ಬದಲಿಸುವ ಬಗೆ ಹೆಚ್ಚಾಗಿ ಇದೇ. ಟೈಪಿಸ್ಟರ ಕೆಲಸ ಅಧಿಕಾರಿಯ ಲ್ಯಾಪ್‌ಟಾಪಿಗೆ ಹೋಯಿತು. ಟಿಕೆಟ್ ಬರೆಯುವವರ ಕೆಲಸ ಪ್ರಯಾಣಿಕನ ಫೋನಿಗೆ ಬಂತು. ಬ್ಯಾಂಕಿನ ಗುಮಾಸ್ತ ತುಂಬುತ್ತಿದ್ದ ಅರ್ಜಿಯನ್ನು ಗ್ರಾಹಕನೇ ತುಂಬುತ್ತಾನೆ. ಯಂತ್ರ ಇಲ್ಲಿ ಮಾಡುವುದು, ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಷ್ಟು ಸುಲಭ ಮಾಡುವುದು. ಸಂಬಳ ಮಾತ್ರ ಅದರ ಜೊತೆಗೆ ದಾಟುವುದಿಲ್ಲ.

ಲಂಡನ್ ಹಿಡಿದ ದಾರಿ

ಇದೇ ತಂತ್ರಜ್ಞಾನ, ಇದೇ ಕಸುಬು, ಬೇರೆ ಊರು. ಲಂಡನ್ನಿನಲ್ಲಿ ‘ದ ಟೈಮ್ಸ್’ ಪತ್ರಿಕೆ ಹೊಸ ತಂತ್ರಜ್ಞಾನದ ಜಗಳದಿಂದಾಗಿ 1978ರ ಡಿಸೆಂಬರಿನಿಂದ 1979ರ ನವೆಂಬರ್ ವರೆಗೆ ಬಾಗಿಲು ಹಾಕಿತ್ತು. ಪತ್ರಕರ್ತರು ನೇರವಾಗಿ ಕಂಪ್ಯೂಟರಿಗೆ ಟೈಪ್ ಮಾಡುವುದನ್ನು ಅಚ್ಚು ಕೆಲಸಗಾರರ ಸಂಘ ಒಪ್ಪಲಿಲ್ಲ. ಜಗಳ ಬಗೆಹರಿಯದೆಯೇ ಪತ್ರಿಕೆ ಮತ್ತೆ ಶುರುವಾಯಿತು. ಮುಂದೆ ಪತ್ರಿಕೆ ರೂಪರ್ಟ್ ಮರ್ಡಾಕ್ ಕೈಗೆ ಬಂತು. ಅವರ ಕಂಪನಿ ವಾಪಿಂಗ್ ಎಂಬಲ್ಲಿ ಸದ್ದಿಲ್ಲದೆ ಹೊಸ ಮುದ್ರಣಾಲಯ ಸಿದ್ಧಮಾಡಿತು. 1986ರ ಜನವರಿ 24ರಂದು ಸಂಘಗಳು ಮುಷ್ಕರ ಹೂಡಿದವು. ಸುಮಾರು 5,500 ಮಂದಿಯನ್ನು ಕಂಪನಿ ಒಮ್ಮೆಗೇ ವಜಾ ಮಾಡಿತು. ಪತ್ರಿಕೆಗಳು ವಾಪಿಂಗಿನಿಂದ ಹೊರಬಂದವು. ಗೇಟಿನ ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರತಿಭಟನೆ, ಲಾಠಿ, ಬಂಧನ. 1987ರ ಫೆಬ್ರುವರಿಯಲ್ಲಿ ಸಂಘಗಳು ಕೈಚೆಲ್ಲಿದವು.

ಎರಡೂ ಊರುಗಳಲ್ಲಿ ಕಸುಬು ಉಳಿಯಲಿಲ್ಲ. ಆದರೆ ನ್ಯೂಯಾರ್ಕಿನ ಕಂಪೋಸಿಟರ್ ನಿವೃತ್ತಿಯ ದಿನದವರೆಗೆ ಸಂಬಳ ತಂದ. ಲಂಡನ್ನಿನವನಿಗೆ ಅಂಚೆಯಲ್ಲಿ ವಜಾ ಪತ್ರ ಬಂತು. ತಂತ್ರಜ್ಞಾನವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸ ಮಾಡಿದ್ದು ಮಾತುಕತೆಯ ಹೊತ್ತು. ಪವರ್ಸ್ ಮೇಜಿಗೆ ಬಂದಾಗ ಕೀಲಿ ಇನ್ನೂ ತಮ್ಮ ಜನರ ಬೆರಳಿನ ಕೆಳಗಿತ್ತು. ಲಂಡನ್ನಿನಲ್ಲಿ ಸಂಘಗಳು ಬೀದಿಗಿಳಿದಾಗ ಕೀಲಿ ಆಗಲೇ ಬೇರೆ ಕಟ್ಟಡದಲ್ಲಿತ್ತು. ಲಂಡನ್ ಸಂಘಗಳ ಹಟವನ್ನು ಮಾತ್ರ ದೂರುವುದು ಸುಲಭ. ಆದರೆ ಖಾತ್ರಿ ಕೊಡಲು ಸಿದ್ಧರಿರುವ ಮಾಲೀಕರೂ ಎದುರಿಗೆ ಇರಬೇಕು. ಒಂದು ಕಡೆಯವರೇ ಒಪ್ಪಂದ ಮಾಡಿಕೊಳ್ಳಲು ಆಗುವುದಿಲ್ಲವಲ್ಲ.

ಈಗ ಮೇಜಿನ ಮುಂದೆ ಇರುವವರು

ಇವತ್ತು ಇದೇ ಪ್ರಶ್ನೆ ಅನುವಾದಕರು, ಗ್ರಾಹಕ ಸೇವೆಯವರು, ವಿನ್ಯಾಸಕಾರರು, ಪ್ರೋಗ್ರಾಮರುಗಳ ಮುಂದೆ ಬಂದಿದೆ. ಅವರ ಕೆಲಸದಲ್ಲಿ ಸಾಲಿನ ಕೊನೆಯ ತೀರ್ಮಾನ ಯಾವುದು ಎಂದು ನೋಡಿ. ಅನುವಾದಕ ಮೊದಲ ಕರಡು ತಾನೇ ಮಾಡುತ್ತಿದ್ದಾಗ ಪದ ಆರಿಸುವ ಹಕ್ಕು ಅವನದಾಗಿತ್ತು. ಯಂತ್ರದ ಕರಡನ್ನು ತಿದ್ದಿಕೊಡು ಎಂದಾಗ ಆ ಹಕ್ಕು ಯಂತ್ರಕ್ಕೆ ಹೋಗಿ, ತಿದ್ದುವ ಹೊಣೆ ಅವನಿಗೆ ಉಳಿಯುತ್ತದೆ. ಕೆಲಸ ಹೋಗಿಲ್ಲ, ನಿಜ. ಆದರೆ ಪುಟಕ್ಕೆ ಸಿಗುವ ದರ ಇಳಿಯುತ್ತದೆ, ಹೆಸರೂ ಮಾಸುತ್ತದೆ. ಯಂತ್ರ ಬರೆದ ಕೋಡ್ ಓದಿ ತಪ್ಪು ಹುಡುಕುವ ಪ್ರೋಗ್ರಾಮರನ ಕೆಲಸ ನಿಲ್ಲುವಂಥದ್ದೋ, ಇನ್ನೊಂದು ಮೇಣದ ಹಲಗೆಯೋ? ಖಡಾಖಂಡಿತ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಆದರೆ ಓದಿ ಸರಿ ತಪ್ಪು ಹೇಳುವ ಅಧಿಕಾರ ಯಾರಲ್ಲಿ ಉಳಿದಿದೆ, ತಪ್ಪಾದರೆ ಯಾರ ತಲೆಗೆ ಬರುತ್ತದೆ ಎಂಬುದನ್ನು ದಿನವೂ ಗಮನಿಸಬಹುದು. ಅಧಿಕಾರ ಹೋಗಿ ಹೊಣೆ ಮಾತ್ರ ಉಳಿದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ಹೊತ್ತಿಗೆ ಸರಿಯಾಗಿ ಮೇಜಿಗೆ ಬಂದವರೂ ಇದ್ದಾರೆ. ಅಮೆರಿಕದ ಚಿತ್ರಕಥೆ ಬರಹಗಾರರ ಸಂಘ 2023ರ ಮೇ 2ರಿಂದ ಸೆಪ್ಟೆಂಬರ್ 27ರ ವರೆಗೆ, 148 ದಿನ ಮುಷ್ಕರ ನಡೆಸಿತು. ಕೃತಕ ಬುದ್ಧಿಮತ್ತೆ ಅವರ ಹೊಟ್ಟೆಗೆ ಇನ್ನೂ ದೊಡ್ಡದಾಗಿ ಹೊಡೆದಿರಲಿಲ್ಲ. ಆದರೂ ಆ ವಿಷಯವನ್ನೂ ಬೇಡಿಕೆಗಳಲ್ಲಿ ಸೇರಿಸಿದರು. ಒಪ್ಪಂದದಲ್ಲಿ ಮೂರು ಮಾತು ಬರೆಸಿಕೊಂಡರು. ಯಂತ್ರ ಬರೆದದ್ದನ್ನು ಲೇಖಕರ ಸಾಹಿತ್ಯ ಎಂದು ಎಣಿಸುವಂತಿಲ್ಲ. ಬರಹಗಾರರು ಯಂತ್ರವನ್ನು ಬಳಸಲೇಬೇಕು ಎಂದು ಕಂಪನಿ ಒತ್ತಾಯ ಮಾಡುವಂತಿಲ್ಲ. ಕೈಗೆ ಕೊಡುವ ಕರಡಿನಲ್ಲಿ ಯಂತ್ರದ ಬರಹ ಇದ್ದರೆ ಕಂಪನಿ ಮೊದಲೇ ತಿಳಿಸಬೇಕು.

ನ್ಯೂಯಾರ್ಕಿನ ಒಪ್ಪಂದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. 1974ರಲ್ಲಿ ಖಾತ್ರಿ ಸಿಕ್ಕಿದ್ದು ಪಟ್ಟಿಯಲ್ಲಿದ್ದ ಹೆಸರುಗಳಿಗೆ. 2023ರಲ್ಲಿ ಬರೆಸಿಕೊಂಡದ್ದು ಕೆಲಸದ ಬಗ್ಗೆ, ಅದರೊಳಗಿನ ತೀರ್ಮಾನ ಯಾರದು ಎಂಬ ಬಗ್ಗೆ. ಹಾಗಾಗಿ ನಾಳೆ ಆ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೂ ಅದು ಅನ್ವಯಿಸುತ್ತದೆ. ಆದರೆ ಅದರ ಅವಧಿ ಸುಮಾರು ಮೂರೇ ವರ್ಷದ್ದಾಗಿತ್ತು. ಜೀವಮಾನದ ಖಾತ್ರಿ ಅದರಲ್ಲಿ ಯಾರಿಗೂ ಇರಲಿಲ್ಲ. ಪ್ರತಿ ಸಲ ಮತ್ತೆ ಕೂತು ಮಾತಾಡಬೇಕು. ಆಗ ಎದುರಿಗಿರುವ ಯಂತ್ರ ಇನ್ನೂ ಚುರುಕಾಗಿರುತ್ತದೆ.

ಸಂಘವೇ ಇಲ್ಲದ ಕೆಲಸಗಳಲ್ಲಿ ಈ ಮೇಜನ್ನು ಹಾಕುವವರು ಯಾರು? ಒಬ್ಬೊಬ್ಬರೇ ಕೂತು ದುಡಿಯುವ ಅನುವಾದಕ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಾರುವ ಪ್ರೋಗ್ರಾಮರ್, ಫೋನಿನ ಆ್ಯಪ್‌ನಿಂದ ಕೆಲಸ ಪಡೆಯುವ ಸವಾರ, ಇವರಿಗೆ ಬಿಗ್ ಸಿಕ್ಸ್ ಇಲ್ಲ, ಪವರ್ಸ್ ಇಲ್ಲ. ಇವರ ಕೆಲಸದ ತೀರ್ಮಾನಗಳು ಒಂದೊಂದಾಗಿ ಜಾರುತ್ತಿರುವುದು ಈಗಲೇ. ಖಾತ್ರಿಯ ಜೊತೆ ಹೊಸಬರಿಗೆ ಬಾಗಿಲನ್ನೂ, ಯಂತ್ರದಿಂದ ಆಗುವ ಉಳಿತಾಯದಲ್ಲಿ ಒಂದು ಪಾಲನ್ನೂ ಕೇಳುವ ಹೊತ್ತು ಕೂಡ ಈಗಲೇ. 1974ರ ಕಾಗದದಲ್ಲಿ ಬಿಟ್ಟುಹೋಗಿದ್ದು ಈ ಎರಡೇ ವಿಷಯ.